ಕಾಣೆಯಾದ ನುಣುಪು ಕಲ್ಲು

ಮಾರ್ಚ್ ೩, ಸೋಮವಾರ

ಇವತ್ತಿನಿಂದ ನಾನು ನೀರಿನ ವಿಭಾಗದ ಮುಖ್ಯಸ್ಥೆ. ಬರೆದು ಓದಿದರೆ ಯಾರೋ ಬೇರೆಯವರ ಸುದ್ದಿ ಇದ್ದ ಹಾಗಿದೆ. ಮನೆಗೆ ಬಂದು ಹೇಳಿದಾಗ ಗಂಡ, “ಇನ್ನು ಮೇಲೆ ನಿನ್ನ ಹಲ್ಲು ಮುಟ್ಟೋಕೂ ಅಪ್ಪಣೆ ಕೇಳಬೇಕೇನೋ” ಅಂದರು. ಹಲ್ಲಿನ ಡಾಕ್ಟರು, ಅವರ ತಮಾಷೆಯೆಲ್ಲ ಬಾಯಿಯ ಸುತ್ತಲೇ ಸುತ್ತುತ್ತದೆ. ಮಗಳು ಕೇಳಿದ್ದು ಒಂದೇ: “ಬೇರೆ ರೂಮು ಕೊಡ್ತಾರಾ? ಬಾಗಿಲು ಇರೋದಾ?”

ಕೊಟ್ಟಿದ್ದಾರೆ. ಬಾಗಿಲೂ ಇದೆ.

ನಮ್ಮದು ನೀರು, ಕರೆಂಟು, ಗ್ಯಾಸಿನ ಪೈಪು, ಚರಂಡಿ, ಇಷ್ಟರ ವ್ಯಾಜ್ಯ ಬಿಟ್ಟು ಬೇರೇನೂ ಮುಟ್ಟದ ವಕೀಲರ ಆಫೀಸು. ಗಂಡ ಹೆಂಡತಿ ಜಗಳ ಹೊತ್ತುಕೊಂಡು ಬಂದವರಿಗೂ ನಲ್ಲಿ ಯಾರ ಹೆಸರಲ್ಲಿದೆ ಅಂತಷ್ಟೇ ಕೇಳಿ ಕಳಿಸುತ್ತೇವೆ. ನನ್ನ ಜೊತೆಗೇ ಕರೆಂಟೂ ಮೇಲೇರಿದ. ಕರೆಂಟು ಅಂದರೆ ವಿದ್ಯುತ್ತಿನ ಕೇಸುಗಳನ್ನೇ ನಡೆಸುವ ನನ್ನ ಗೆಳೆಯ. ಕೆಲಸಕ್ಕೆ ಸೇರಿದಂದಿನಿಂದ ಇಬ್ಬರೂ ಒಂದೇ ಮೇಜಿನ ಎರಡು ಕಡೆ ಕೂತವರು. ನೀರನ್ನೂ ಕರೆಂಟನ್ನೂ ಒಂದೇ ಕಡೆ ಇಡಬೇಡಿ ಅನ್ನುವುದು ಆಫೀಸಿನ ಹಳೇ ತಮಾಷೆ. ಈಗ ನಿಜವಾಗಿಯೂ ಎರಡು ರೂಮಾಯಿತು, ನಡುವೆ ಉದ್ದದ ಓಣಿ.

ಆರಿಸುವ ಪದ್ಧತಿಯನ್ನು ಬರೆದಿಡಬೇಕು. ಯಾವ ಆಫೀಸಿನಲ್ಲೂ ಹೀಗಿರಲಾರದು. ಇಲ್ಲಿ ಕೆಲಸಕ್ಕೆ ಸೇರಿ ಹತ್ತು ವರ್ಷ ದಾಟಿದ ಪ್ರತಿಯೊಬ್ಬರಿಗೂ, ವಕೀಲರಿರಲಿ ಡ್ರೈವರ್ ಇರಲಿ, ಒಂದು ಓಟು. ಪ್ರತಿಯೊಬ್ಬರ ಕೈಗೆ ಎರಡು ಕಲ್ಲು, ಒಂದು ನುಣುಪು, ಒಂದು ಒರಟು. ಆಫೀಸು ಕಟ್ಟಿದ ದೊಡ್ಡಸರ್ ತಮ್ಮ ಮೊದಲ ಕೇಸಿನ ನದಿಯಿಂದ ಆರಿಸಿ ತಂದ ಕಲ್ಲುಗಳವು. ಪರದೆಯ ಹಿಂದೆ ಹೋಗಿ ಒಂದನ್ನು ತಾಮ್ರದ ಹಂಡೆಗೆ ಹಾಕಬೇಕು, ಉಳಿದದ್ದನ್ನು ಪಕ್ಕದ ಪೆಟ್ಟಿಗೆಗೆ. ಒಪ್ಪಿಗೆಯಾದರೆ ಹಂಡೆಗೆ ನುಣುಪು, ಇಲ್ಲವಾದರೆ ಒರಟು.

ಕರೆಂಟಿನ ಸರದಿಯಲ್ಲಿ ಹಂಡೆ ಮಗುಚಿದಾಗ ಎಲ್ಲವೂ ನುಣುಪು. ನನ್ನ ಸರದಿಯಲ್ಲಿ ನುಣುಪಿನ ರಾಶಿಯ ನಡುವೆ ಒಂದು ಒರಟು.

ಒಂದು ಒರಟಿನಿಂದ ಏನೂ ಆಗುವುದಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ನಕ್ಕೆ. ಆದರೆ ಯಾರದು ಅದು? ಬೇಜಾರಲ್ಲ, ಬರೀ ಕುತೂಹಲ.

ಮಾರ್ಚ್ ೫, ಬುಧವಾರ

ಹೊಸ ಕುರ್ಚಿ ಗಿರ್ರನೆ ತಿರುಗುತ್ತದೆ. ಯಾರೂ ಇಲ್ಲದಾಗ ಒಂದು ಸುತ್ತು ತಿರುಗಿ ನೋಡಿದೆ. ಎರಡನೇ ಸುತ್ತಿಗೆ ಬೀಗದಕ್ಕ ಒಳಗೆ ಬಂದರು. ಆಫೀಸಿನ ಸಕಲ ಕೀಲಿಕೈಗಳೂ ಅವರ ಸೊಂಟದಲ್ಲೇ ಇರುವುದರಿಂದ ಆ ಹೆಸರು. ಮೊನ್ನೆಯವರೆಗೆ ನನ್ನನ್ನು “ಏನಮ್ಮಾ” ಅನ್ನುತ್ತಿದ್ದವರು ಇವತ್ತು “ಮೇಡಂ” ಅಂದರು. ಕಿವಿಗೆ ಏನೋ ಸಿಕ್ಕಿಕೊಂಡ ಹಾಗಾಯಿತು.

“ಮೇಡಂ, ಒಂದು ಕಲ್ಲು ಕಮ್ಮಿ ಬಂದಿದೆ.”

“ಯಾವ ಕಲ್ಲು?”

“ನುಣುಪಿಂದು. ನಿಮ್ಮ ಸರದಿಯದ್ದು. ಹಂಡೇಲೂ ಇಲ್ಲ, ಪೆಟ್ಟಿಗೇಲೂ ಇಲ್ಲ. ನಲವತ್ತು ವರ್ಷದಿಂದ ಒಂದೂ ಕಳೆದಿರ್ಲಿಲ್ಲ ನೋಡಿ.”

ಅವರಿಗೆ ಕಲ್ಲು ಹೋದ ಚಿಂತೆ. ನನ್ನ ತಲೆಯಲ್ಲಿ ಮಾತ್ರ ದೀಪ ಹತ್ತಿತು. ನನಗೆ ಒರಟು ಹಾಕಿದವರ ಕೈಯಲ್ಲಿ ಒಂದು ನುಣುಪು ಉಳಿಯಬೇಕು. ಅದನ್ನು ಪೆಟ್ಟಿಗೆಗೆ ಹಾಕದೆ ಜೇಬಿಗೆ ಇಳಿಸಿದ್ದಾರೆ. ಕಲ್ಲು ಎಲ್ಲಿದೆಯೋ ಓಟು ಹಾಕಿದವರು ಅಲ್ಲಿದ್ದಾರೆ.

ಮಧ್ಯಾಹ್ನ ಕರೆಂಟು ಡಬ್ಬಿ ಹಿಡಿದು ಬಂದ. ಓಣಿ ದಾಟಿ ಬರುವಷ್ಟರಲ್ಲಿ ಊಟ ತಣ್ಣಗಾಯಿತು ಅಂತ ಗೊಣಗಿದ. ಕಲ್ಲಿನ ವಿಷಯ ಹೇಳಿದೆ. “ತಲೆಗೆ ಹುಳ ಬಿಟ್ಕೊಂಡ್ಯಲ್ಲೇ ಮಾರಾಯ್ತಿ, ಹೋಗ್ಲಿ ಬಿಡು” ಅಂದ. ಎಲ್ಲ ನುಣುಪು ಸಿಕ್ಕವನಿಗೆ ಹಾಗನ್ನುವುದು ಸುಲಭ.

ಮಾರ್ಚ್ ೧೧, ಮಂಗಳವಾರ

ಮೀನಕ್ಕ ಬಂದಿದ್ದರು. ನದಿಗೆ ಒಡ್ಡು ಹಾಕಿದ ಕಡೆ ಮೀನುಮರಿ ಸಾಕುವ ಹೆಂಗಸರ ಸಂಘ ಅವರದು. ಒಡ್ಡಿನ ಎರಡು ಬದಿಗೂ ಒಂದೊಂದು ತೂಬು. ಒಂದರ ನೀರು ಇವರ ತೊಟ್ಟಿಗಳಿಗೆ, ಇನ್ನೊಂದರದು ಎದುರು ದಡದ ರಟ್ಟಿನ ಕಾರ್ಖಾನೆಗೆ. ಕಾರ್ಖಾನೆಯವರು ತಮ್ಮ ತೂಬನ್ನು ಪೂರ್ತಿ ಎತ್ತಿಬಿಟ್ಟರೆ ಇವರ ಕಾಲುವೆಯಲ್ಲಿ ಬೆರಳು ಮುಳುಗುವಷ್ಟೂ ನೀರು ಬರುವುದಿಲ್ಲ.

“ಮರಿಗಳು ಉಗುರಿನಷ್ಟಿವೆ ಮೇಡಂ. ಹರಿಯೋ ನೀರು ನಿಂತ್ರೆ ಅವಕ್ಕೆ ಉಸಿರೇ ಸಿಗಲ್ಲ. ಬಾಯಿ ತೆಕ್ಕೊಂಡು ಮೇಲೆ ಬರ್ತಾವೆ. ನೋಡೋಕಾಗಲ್ಲ” ಅಂದರು. ಈ ಮರಿಗಳು ಬದುಕಿದರೆ ಸಂಘ ಉಂಟು, ಇಲ್ಲವಾದರೆ ಮನೆಗೆ ಹೋಗುವುದೇ ಅಂದರು. ಹೆಂಗಸು ಅಳಲಿಲ್ಲ, ಸುಮ್ಮನೆ ಬಾಯಿ ತೆರೆದು ಮುಚ್ಚಿ ಮೀನಿನ ಹಾಗೆ ತೋರಿಸಿದರು. ಅದು ಅಳುವುದಕ್ಕಿಂತ ಜೋರಾಗಿ ತಾಗಿತು.

ಮೀನಿಗೆ ನೀರು ಸಾಲದಾದದ್ದು ಎಷ್ಟು ಹೊತ್ತಿಗೆ ತಿಳಿಯುತ್ತದೆ? ಕಷ್ಟ ರಾತ್ರಿ ಹೆಚ್ಚೋ ಹಗಲು ಹೆಚ್ಚೋ? ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಸಭೆಗೆ ಕರೆ ಬಂತು.

ಸಂಜೆ ದೊಡ್ಡಸರ್ ಬಾಗಿಲಲ್ಲಿ ನಿಂತರು. ಎಂಬತ್ತರ ಹತ್ತಿರ ಬಂದರೂ ದಿನಾ ಆಫೀಸಿಗೆ ಬರುತ್ತಾರೆ. ಕೋರ್ಟಿಗೆ ಹೋಗುವುದು ಬಿಟ್ಟಿದ್ದಾರೆ, ನೀರಿನ ಹತ್ತಿರ ಹೋಗುವುದನ್ನು ಬಿಟ್ಟಿಲ್ಲ. ನೀರು ನೋಡದೆ ನೀರಿನ ಅರ್ಜಿ ಬರೆಯಬಾರದು ಅನ್ನುವುದು ಅವರ ಕಟ್ಟಳೆ. ನಮ್ಮ ಪ್ರತಿ ಅರ್ಜಿಯ ಕೊನೆಗೆ, ಸಹಿಯ ಮೇಲೆ, ‘ಸ್ಥಳವನ್ನು ನಾನೇ ಹೋಗಿ ನೋಡಿದ್ದೇನೆ’ ಅಂತ ಒಂದು ಸಾಲು ಇರುತ್ತದೆ. ಆ ಸಾಲಿಗಾಗಿಯೇ ನ್ಯಾಯಾಧೀಶರು ನಮ್ಮನ್ನು ನಂಬುತ್ತಾರೆ.

“ಮೀನಿನವರ ಕೇಸಂತೆ. ಶನಿವಾರ ಹೋಗಿ ಬರೋಣ್ವೇನಮ್ಮ?”

ಶನಿವಾರ ವಿಭಾಗದವರ ರಜೆ ಹಂಚುವ ಕೆಲಸವಿದೆ. “ನೋಡೋಣ ಸರ್” ಅಂದೆ.

ಮಾರ್ಚ್ ೧೯, ಬುಧವಾರ

ಕಲ್ಲಿನ ತನಿಖೆ ಮುಂದುವರಿದಿದೆ. ಬೀಗದಕ್ಕನ ಮೇಲೆ ಅನುಮಾನವಿತ್ತು. ಆದರೆ ಅವರೇ ಕದ್ದು ಅವರೇ ದೂರು ಕೊಡುವಷ್ಟು ನಾಟಕ ಅವರಿಗೆ ಬರುವುದಿಲ್ಲ. ಡ್ರೈವರ್ ನನ್ನ ಕಣ್ಣು ತಪ್ಪಿಸುತ್ತಿದ್ದಾನೆ ಅನ್ನಿಸಿ ಎರಡು ದಿನ ಗಮನಿಸಿದೆ. ಅವನು ಎಲ್ಲರ ಕಣ್ಣೂ ತಪ್ಪಿಸುತ್ತಾನೆ, ಕಾರಿನ ಹಿಂದಿನ ದೀಪ ಒಡೆದುಕೊಂಡಿದ್ದಾನಂತೆ. ಲೈಬ್ರರಿಯವರು ತಮ್ಮ ಮೇಜಿನ ಖಾನೆ ತೆರೆದಾಗ ಇಣುಕಿದೆ. ಬರೀ ಪೆಪ್ಪರಮೆಂಟು. ಒಂದು ಕೊಟ್ಟರು, ತಿಂದೆ.

ಮನುಷ್ಯರು ಒಂದು ಸಣ್ಣ ಕಲ್ಲನ್ನು ಎಲ್ಲೆಲ್ಲಿ ಇಡಬಹುದು ಅಂತ ಯೋಚಿಸುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ದೊಡ್ಡಸರ್ ಬೆಳಗ್ಗೆ ರಬ್ಬರ್ ಬೂಟು ಹಾಕಿಕೊಂಡೇ ಬಂದಿದ್ದರು. ನನ್ನ ರೂಮಿನಲ್ಲಿ ನಾಲ್ಕು ಜನ ಕೂತಿದ್ದರು. ಬಾಗಿಲಿಂದಲೇ ಬೂಟು ತೋರಿಸಿ ಹುಬ್ಬು ಹಾರಿಸಿದರು. ನಾನು ಕೈಸನ್ನೆಯಲ್ಲೇ ಆಮೇಲೆ ಅಂದೆ. ಮಧ್ಯಾಹ್ನ ನೋಡಿದರೆ ಚಪ್ಪಲಿ ಹಾಕಿಕೊಂಡು ಪೇಪರ್ ಓದುತ್ತಿದ್ದರು.

ಮಾರ್ಚ್ ೨೭, ಗುರುವಾರ

ಮೀನಕ್ಕನ ಅರ್ಜಿಗೆ ಸಹಿ ಹಾಕಿದೆ. ಚೂಟಿ ಬರೆದದ್ದು. ಹೋದ ವರ್ಷ ಸೇರಿದ ಕಿರಿಯ ವಕೀಲೆ, ಹೇಳುವ ಮೊದಲೇ ಅರ್ಧ ಕೆಲಸ ಮುಗಿಸಿರುತ್ತಾಳೆ. ಮೀನಕ್ಕ ಕಳಿಸಿದ ಫೋಟೋ ಮುಂದಿಟ್ಟುಕೊಂಡು ಚೆನ್ನಾಗಿಯೇ ಬರೆದಿದ್ದಾಳೆ. ಒಡ್ಡು, ಎರಡು ತೂಬು, ಎಷ್ಟು ನೀರು, ಕಾರ್ಖಾನೆಗೆ ಬೇರೆ ಬಾವಿಯೂ ಇರುವುದು, ಎಲ್ಲ ಅಚ್ಚುಕಟ್ಟು. ಮುಂದಿನ ವಿಚಾರಣೆಯವರೆಗೆ ಕಾರ್ಖಾನೆಯ ತೂಬು ಮುಚ್ಚಿಡಬೇಕೆಂಬ ಪ್ರಾರ್ಥನೆ.

“ಮೇಡಂ, ಒಂದ್ಸಲ ಹೋಗಿ ನೋಡಿ ಬರೋಣ್ವಾ?” ಅಂದಳು.

“ಆ ಕಡೆಯೆಲ್ಲ ನಾನು ನೋಡಿದ್ದೇ ಕಣಮ್ಮ.”

ನೋಡಿದ್ದು ನಿಜ. ಎಂಟು ವರ್ಷದ ಹಿಂದೆ, ಬೇರೆ ಕೇಸಿಗೆ, ಅಲ್ಲಿಂದ ಸ್ವಲ್ಪ ಕೆಳಗೆ. ನದಿ ಅದೇ ತಾನೆ. ದಿನಕ್ಕೆ ಹತ್ತು ಅರ್ಜಿ ಮೇಜಿಗೆ ಬರುವಾಗ ಪ್ರತಿಯೊಂದಕ್ಕೂ ಬೂಟು ಹಾಕಿಕೊಂಡು ಹೊರಟರೆ ವಿಭಾಗ ನಡೆಸುವವರು ಯಾರು? ಮುಖ್ಯಸ್ಥರ ಕೆಲಸ ನಂಬುವುದು.

ಸಹಿ ಹಾಕುವಾಗಲೇ ದೊಡ್ಡಸರ್ ಫೋನು ಬಂತು. ಎತ್ತಲಿಲ್ಲ. ನಾಳೆ ಮಾಡಬೇಕು.

ಏಪ್ರಿಲ್ ೨, ಬುಧವಾರ

ಗೆದ್ದೆವು. ತೂಬು ಮುಚ್ಚಲು ಮಧ್ಯಂತರ ಆದೇಶ ಸಿಕ್ಕಿತು. ವಿಚಿತ್ರವೆಂದರೆ ಕಾರ್ಖಾನೆಯ ವಕೀಲರು ವಾದವನ್ನೇ ಮಾಡಲಿಲ್ಲ. ಅರ್ಜಿಯನ್ನು ಒಮ್ಮೆ ಓದಿದರು, ಇನ್ನೊಮ್ಮೆ ಓದಿದರು, “ನಮ್ಮ ತಕರಾರಿಲ್ಲ” ಅಂತ ಕೂತುಬಿಟ್ಟರು. ಕುರ್ಚಿಗೆ ಇಷ್ಟು ಬೆಲೆ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಹೊರಗೆ ಬರುವಾಗ ನಗುತ್ತ ಕೈ ಮುಗಿದರು.

ಮನೆಯಲ್ಲಿ ಹೇಳಿದೆ. ಮಗಳು, “ಹಾಗಾದ್ರೆ ಭಾನುವಾರ ಈಜೋಕೆ ಹೋಗೋಣ್ವಾ?” ಅಂದಳು.

“ನೋಡೋಣ.”

“ಅಮ್ಮಾ, ನೀನು ಈಗ ಏನು ಕೇಳಿದ್ರೂ ನೋಡೋಣ ಅಂತೀಯ. ಆಮೇಲೆ ನೋಡೋದೇ ಇಲ್ಲ.”

ಗಂಡ ಬಾಯಿ ಬಿಡಲಿಲ್ಲ. ಬೇರೆಯವರ ಬಾಯಿ ಬಿಡಿಸುವುದರಲ್ಲಷ್ಟೇ ಅವರು ಗಟ್ಟಿ. ಹದಿಮೂರು ವರ್ಷದ ಮಕ್ಕಳಿಗೆ ಎಲ್ಲದಕ್ಕೂ ಆಗಿಂದಾಗಲೇ ಉತ್ತರ ಬೇಕು.

ಮುಖ್ಯ ವಿಷಯ ಬರೆಯುವುದನ್ನೇ ಮರೆತೆ. ಗೆಲುವಿನ ಸುದ್ದಿ ಹೇಳಲು ಕರೆಂಟಿನ ರೂಮಿಗೆ ಹೋಗಿದ್ದೆ. ಅವನು ಹೊಸ ರೂಮಿಗೆ ಹೋದ ಮೇಲೆ ನಾನು ಅಲ್ಲಿ ಕಾಲಿಟ್ಟದ್ದು ಅದೇ ಮೊದಲು. ಫ್ಯಾನಿನ ಕೆಳಗೆ ಕಾಗದ ಹಾರದ ಹಾಗೆ ಒಂದು ಕಲ್ಲು ಇಟ್ಟಿದ್ದಾನೆ. ಬೂದು ಬಣ್ಣ, ಮೊಟ್ಟೆಯ ಹಾಗೆ ನುಣುಪು.

ಏಪ್ರಿಲ್ ೩, ಗುರುವಾರ

ಕೇಳಿಬಿಟ್ಟೆ. ಡಬ್ಬಿ ಹಿಡಿದು ಬಂದವನನ್ನು ಕೂರಲೂ ಬಿಡಲಿಲ್ಲ.

“ನಿನ್ನ ಮೇಜಿನ ಮೇಲಿರೋ ಕಲ್ಲು ಎಲ್ಲಿಂದ ಬಂತು?”

“ಯಾವ್ದು? ಅದಾ? ಹೊಳೇದು.”

“ಯಾವ ಹೊಳೇದು? ಹಂಡೇದಾ?”

ಅವನು ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಅಂತಲೇ ನಾನು ತಿಳಿದೆ. ಬಾಯಿಗೆ ಬಂದದ್ದೆಲ್ಲ ಆಡಿದೆ. ನಾನು ಮುಖ್ಯಸ್ಥೆ ಆಗುವುದು ನಿನಗೆ ಸಹಿಸಲಾಗಲಿಲ್ಲ ಅಂದೆ, ಜೊತೆಯಲ್ಲಿ ಕೂತು ಉಂಡು ಬೆನ್ನ ಹಿಂದೆ ಒರಟು ಹಾಕಿದೆ ಅಂದೆ. ಅವನು ಪೂರ್ತಿ ಕೇಳಿಸಿಕೊಂಡ.

“ಅದು ನೀನೇ ಕೊಟ್ಟಿದ್ದು ಕಣೇ” ಅಂದ. “ನಾವು ಸೇರಿದ ವರ್ಷ, ಏತ ನೀರಾವರಿ ಕೇಸಿಗೆ ಹೋದಾಗ. ಫ್ಯಾನ್ ಹಾಕಿದ್ರೆ ನನ್ನ ಕಾಗದ ನಿನ್ನ ಕಡೆ ಹಾರಿ ಬರುತ್ತೆ ಅಂತ ಬೈದು, ನೀರಿಗಿಳಿದು ಹುಡುಕಿ ತಂದು ಕೊಟ್ಟೆ. ಇಷ್ಟು ದಿನ ಇಬ್ಬರ ನಡುವೆ ಹಳೇ ಮೇಜಿನ ಮೇಲೇ ಇತ್ತಲ್ಲ, ಕಾಣಿಸ್ಲಿಲ್ವಾ?”

ಡಬ್ಬಿ ತೆಗೆದುಕೊಂಡು ಹೋದ.

ಇತ್ತಾ? ನೆನಪಿಸಿಕೊಳ್ಳುತ್ತಿದ್ದೇನೆ. ಇತ್ತು. ಎಡಗಡೆ, ಶಾಯಿಯ ಕಲೆಯ ಪಕ್ಕದಲ್ಲಿ.

ಏಪ್ರಿಲ್ ೪, ಶುಕ್ರವಾರ

ಮಧ್ಯಾಹ್ನ ಒಬ್ಬಳೇ ಉಂಡೆ. ಇಲ್ಲಿ ಬಾಗಿಲು ಬೇರೆ ಇದೆ.

ಏಪ್ರಿಲ್ ೯, ಬುಧವಾರ

ನಿನ್ನೆ ನಡೆದದ್ದನ್ನು ಇವತ್ತು ಬೆಳಗ್ಗೆ ಬೇಗ ಎದ್ದು ಬರೆಯುತ್ತಿದ್ದೇನೆ.

ನಿನ್ನೆ ಹನ್ನೊಂದಕ್ಕೆ ಮೀನಕ್ಕನ ಫೋನು. “ಮೇಡಂ, ನಮ್ಮ ತೂಬೇ ಮುಚ್ತಾ ಇದ್ದಾರೆ. ಕೇಳಿದ್ರೆ ನಿಮ್ಮ ಆರ್ಡರ್ ಅಂತಾರೆ.”

ಡ್ರೈವರನ್ನು ಓಡಿಸಿಕೊಂಡು ಹೋದೆ, ಚೂಟಿಯೂ ಬಂದಳು. ಒಡ್ಡಿನ ಮೇಲೆ ನಿಂತ ಮೇಲೆ ಐದು ನಿಮಿಷವೂ ಬೇಕಾಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ. ನೀರಿನ ಕೆಲಸದಲ್ಲಿ ಯಾವುದು ಎಡದಂಡೆ, ಯಾವುದು ಬಲದಂಡೆ ಅನ್ನುವುದನ್ನು ನೀರು ಹರಿದು ಹೋಗುವ ಕಡೆಗೆ ಮುಖ ಮಾಡಿ ನಿಂತು ಹೇಳಬೇಕು. ಮೀನಕ್ಕ ಫೋಟೋ ತೆಗೆದದ್ದು ಕೆಳಗಿನಿಂದ, ನೀರು ಬರುವ ಕಡೆಗೆ ಮುಖ ಮಾಡಿ. ಅದರಲ್ಲಿ ಕಾರ್ಖಾನೆ ಎಡಕ್ಕೆ ಕಾಣುತ್ತದೆ. ಚೂಟಿ ಕಂಡದ್ದನ್ನು ಬರೆದಳು: ಎಡದಂಡೆಯ ತೂಬನ್ನು ಮುಚ್ಚಬೇಕು. ಎಡದಂಡೆಯಲ್ಲಿರುವುದು ಮೀನಿನ ತೊಟ್ಟಿಗಳು.

ಕಾರ್ಖಾನೆಯ ವಕೀಲರು ಯಾಕೆ ಎರಡು ಸಲ ಓದಿದರು, ಯಾಕೆ ನಕ್ಕರು ಅನ್ನುವುದೆಲ್ಲ ಒಂದೇ ಏಟಿಗೆ ತಿಳಿಯಿತು.

ತೂಬು ಕಾಯುವವರು ಕೋರ್ಟಿನ ಕಾಗದ ತೋರಿಸಿದರು. “ಕೋರ್ಟು ಎಡದಂಡೆ ಅಂತು, ನಾನು ಎಡದಂಡೆ ಮುಚ್ಚಿದೆ. ನೀವೇ ತಂದ ಆರ್ಡರ್ ಅಲ್ವಾ ಮೇಡಂ? ಕೋರ್ಟು ಹೇಳೋ ತನಕ ಎತ್ತೋಕೆ ನನ್ನಿಂದ ಆಗಲ್ಲ.” ಅವರು ಹೇಳಿದ್ದರಲ್ಲಿ ತಪ್ಪೇನಿದೆ?

ಮೀನಕ್ಕ ನನ್ನನ್ನು ಬೈಯಲಿಲ್ಲ. “ನೀವು ಬರೆದದ್ದು ಸರಿ ಇರುತ್ತೆ ಅಂತ ನಾನೂ ಓದದೆ ರುಜು ಹಾಕ್ಬಿಟ್ಟೆ” ಅಂದರು. ಬೈದಿದ್ದರೆ ಚೆನ್ನಾಗಿತ್ತು. ಸಂಘದ ಹೆಂಗಸರು ಕೊಡದಿಂದ ನೀರೆತ್ತಿ ಮೇಲಿಂದ ಸುರಿಯುತ್ತಿದ್ದರು, ನೀರಿಗೆ ಗಾಳಿ ಸೇರಲಿ ಅಂತ. ನಾನೂ ಸುರಿದೆ. ಚೂಟಿ ಅಳುತ್ತಲೇ ಸುರಿದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮೂರನೇ ತೊಟ್ಟಿಯಲ್ಲಿ ಮರಿಗಳು ಮೇಲೆ ಬರಲು ಶುರುವಾಗಿತ್ತು, ಸಾವಿರ ಪುಟ್ಟ ಬಾಯಿಗಳು.

ಗಾಳಿ ಊದುವ ಪಂಪುಗಳು ಅವರ ಶೆಡ್ಡಿನಲ್ಲಿ ಇದ್ದವು. ಎಲ್ಲ ಒಟ್ಟಿಗೆ ಹಾಕಿದರೆ ಅವರ ಲೈನು ತಡೆಯುವುದಿಲ್ಲ, ಫ್ಯೂಸು ಹೋಗುತ್ತದೆ. ಕರೆಂಟಿಗೆ ಫೋನು ಮಾಡಿದೆ. ಐದು ದಿನದಿಂದ ಮಾತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಎಷ್ಟು ಪಂಪು? ಎಷ್ಟು ಶಕ್ತಿದು?” ಅಷ್ಟೇ ಕೇಳಿದ.

ಸಂಜೆಯಾಗುವ ಮೊದಲು ವಿದ್ಯುತ್ ಕಂಪನಿಯವರು ಹತ್ತಿರದ ಕಂಬದಿಂದ ತಾತ್ಕಾಲಿಕ ಲೈನು ಎಳೆದುಕೊಟ್ಟರು. ಅವರ ಹಿಂದೆಯೇ ಸ್ಕೂಟರಿನಲ್ಲಿ ಕರೆಂಟು ಬಂದ. ಪಂಪುಗಳು ಗುಡುಗುಡು ಅಂದಾಗ ತೊಟ್ಟಿಯೊಳಗೆ ಗುಳ್ಳೆಗಳೆದ್ದವು. ಮೂರನೇ ತೊಟ್ಟಿಯವು ಹೋದವು. ಉಳಿದವು ಒಂದೆರಡು ದಿನ ತಡೆಯುತ್ತವೆ ಅಂದರು ಮೀನಕ್ಕ.

ಕರೆಂಟು ಕಲ್ಲಿನ ಮಾತೆತ್ತಲಿಲ್ಲ. ಬ್ಯಾಗಿನಿಂದ ಡಬ್ಬಿ ತೆಗೆದು, “ಮಧ್ಯಾಹ್ನದ್ದು. ಹಳಸಿರಬಹುದು, ಆದರೂ ತಿನ್ನು” ಅಂದ. ತಿಂದೆ. ತಪ್ಪಾಯ್ತು ಕಣೋ ಅಂದೆ. ಅವನು ಪಂಪಿನ ಸದ್ದಿನಲ್ಲಿ ಕೇಳಿಸಲಿಲ್ಲ ಅನ್ನುವ ಹಾಗೆ ಕಿವಿ ಮುಂದೆ ತಂದು, ಮೂರು ಸಲ ಹೇಳಿಸಿದ.

ಇವತ್ತು ಹತ್ತೂವರೆಗೆ ಕೋರ್ಟು.

ಏಪ್ರಿಲ್ ೧೦, ಗುರುವಾರ

ನಿನ್ನೆ ಕೋರ್ಟಿಗೆ ಹೊರಡುವ ಮೊದಲು ಆಫೀಸಿನಲ್ಲಿ ಎಲ್ಲರದೂ ಒಂದೇ ಸಲಹೆ. ಬೆರಳಚ್ಚಿನ ದೋಷ ಅಂದುಬಿಡಿ, ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬಲ ಇರಬೇಕಾದ ಕಡೆ ಎಡ ಬಿದ್ದಿದೆ, ಯಾರಿಗೂ ಅನುಮಾನ ಬರುವುದಿಲ್ಲ. ಹೊಸ ಮುಖ್ಯಸ್ಥೆಯ ಮರ್ಯಾದೆಯೂ ಉಳಿಯುತ್ತದೆ. ನನಗೂ ಸರಿಯೆನಿಸಿತ್ತು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದೆ.

ನ್ಯಾಯಾಧೀಶೆ ಮಾತು ಕಮ್ಮಿ ಆಡುವವರು. ನಾನು “ಅರ್ಜಿಯ ಬೆರಳಚ್ಚಿನಲ್ಲಿ” ಅಂತ ಶುರು ಮಾಡಿದೆ. ಅವರು ಕೊನೆಯ ಪುಟ ತಿರುಗಿಸಿದರು.

“ಸ್ಥಳ ನಾನೇ ಹೋಗಿ ನೋಡಿದ್ದೇನೆ ಅಂತ ಇದೆ. ನೋಡಿದ್ರಾ?”

ಹಿಂದಿನ ಬೆಂಚಿನಲ್ಲಿ ಚೂಟಿ ಇದ್ದಳು. ಅವಳ ಪಕ್ಕದಲ್ಲಿ ಮೀನಕ್ಕ.

“ಇಲ್ಲ” ಅಂದೆ.

ನಾನೇ ಮುಂದುವರಿಸಿದೆ. ನೋಡಿದ್ದರೆ ಈ ತಪ್ಪು ಆಗುತ್ತಿರಲಿಲ್ಲ, ಇದು ಬೆರಳಚ್ಚಿನದಲ್ಲ, ನನ್ನದು ಅಂದೆ. ಕಾರ್ಖಾನೆಯ ವಕೀಲರು ಎದ್ದರು. ಅವರತ್ತ ತಿರುಗಿ ನ್ಯಾಯಾಧೀಶೆ, “ನಿಮಗೆ ಮೊದಲೇ ಗೊತ್ತಾಗಿತ್ತಲ್ವಾ? ಕೂತ್ಕೊಳ್ಳಿ” ಅಂದರು. ಕೂತರು. ಆದೇಶ ತಿದ್ದಿ ಸಹಿ ಹಾಕಿ ಕೆಳಗೆ ಕೊಟ್ಟರು.

ನಾನು ಹೊರಡುವಾಗ ನ್ಯಾಯಾಧೀಶೆ ಹೇಳಿದ್ದು ಇಷ್ಟು: “ನಿಮ್ಮ ಆಫೀಸಿನ ಆ ಸಾಲು ಓದಿದ್ರೆ ಮಿಕ್ಕಿದ್ದು ಬೇಗ ಓದ್ತಿದ್ದೆ. ಇನ್ನು ನಿಧಾನವಾಗಿ ಓದ್ತೀನಿ.”

ಬೈಗುಳವೇ ವಾಸಿ ಅನ್ನಿಸುವ ಮಾತುಗಳು ಈ ವಾರ ಬಹಳ ಸಿಕ್ಕವು.

ಮಧ್ಯಾಹ್ನಕ್ಕೆಲ್ಲ ಎಡದ ತೂಬು ಎದ್ದಿತು, ಬಲದ್ದು ಕೂತಿತು. ಚೂಟಿ ರಾಜೀನಾಮೆ ಬರೆದುಕೊಂಡು ಬಂದಳು. ಅದರಲ್ಲೂ ಅಕ್ಷರ ಅಚ್ಚುಕಟ್ಟು. ವಾಪಸ್ ಕೊಟ್ಟು, ಬೂಟಿನ ಅಳತೆ ಎಷ್ಟು ಅಂತ ಕೇಳಿದೆ.

ದೊಡ್ಡಸರ್ ಎರಡು ದಿನದಿಂದ ನನ್ನ ಕಡೆ ಸುಳಿದಿರಲಿಲ್ಲ. ಇವತ್ತು ನಾನೇ ಅವರ ರೂಮಿಗೆ ಹೋದೆ. ಬೈಯುತ್ತಾರೆಂದು ತಯಾರಾಗಿದ್ದೆ. “ಉಳಿದ ಮರಿಗಳು ಹೇಗಿವೆ?” ಅಂತ ಕೇಳಿದರು. ಭಾನುವಾರ ಹೋಗಿ ನೋಡೋಣ್ವಾ ಸರ್ ಅಂದೆ. ಪೇಪರ್ ಮಡಿಸಿ ಇಟ್ಟರು.

ಏಪ್ರಿಲ್ ೧೩, ಭಾನುವಾರ

ಹೋಗಿ ಬಂದೆವು. ನಾನು, ದೊಡ್ಡಸರ್, ಈಜುತ್ತೇನೆಂದು ಹಟ ಹಿಡಿದ ಮಗಳು. ದೊಡ್ಡಸರ್ ಸೊಸೆ ಮಾವನನ್ನು ನೀರಿನ ಹತ್ತಿರ ಒಬ್ಬರನ್ನೇ ಬಿಡುವುದಿಲ್ಲ. ಬಾಗಿಲವರೆಗೂ ಬಂದು, “ಕೈ ಬಿಡಬೇಡಿ ಅವರನ್ನ” ಅಂತ ನನಗೆ ಒಪ್ಪಿಸಿ ಕಳಿಸಿದರು.

ಹೊಳೆಯ ಮೆಟ್ಟಿಲು ಇಳಿಯುವಾಗ ದೊಡ್ಡಸರ್ ನನ್ನ ಹೆಗಲ ಮೇಲೆ ಕೈ ಇಟ್ಟರು. ಮೊದಲು ಹೀಗೆ ಭಾರ ಬಿಡುತ್ತಿರಲಿಲ್ಲ. ಯಾವಾಗಿನಿಂದ ಇಷ್ಟು ಭಾರವಾದರು? ಒಡ್ಡಿನ ಮೇಲೆ ನಿಂತು ನನ್ನ ಎರಡೂ ಭುಜ ಹಿಡಿದು ನೀರು ಹೋಗುವ ದಿಕ್ಕಿಗೆ ತಿರುಗಿಸಿದರು, ಮೊದಲ ವರ್ಷ ಮಾಡಿದ ಹಾಗೆಯೇ. ಆಮೇಲೆ ತಾವೂ ತಿರುಗಿ ನಿಂತರು.

ಮಗಳು ಮೀನಕ್ಕನ ಜೊತೆ ತೊಟ್ಟಿಗಳ ಹತ್ತಿರ ಇದ್ದಳು. ಮೀನು ನಿದ್ದೆ ಮಾಡುತ್ತದಾ, ಕಣ್ಣು ಮುಚ್ಚುತ್ತದಾ ಅಂತ ಅವಳ ಪ್ರಶ್ನೆಗಳು ನಮ್ಮ ತನಕ ಕೇಳುತ್ತಿದ್ದವು. ನನಗೂ ಮಾರ್ಚ್‌ನಿಂದ ಉಳಿದ ಪ್ರಶ್ನೆ ನೆನಪಾಗಿ, ಕೂಗಿ ಕೇಳಿದೆ. ನೀರು ಕಮ್ಮಿಯಾದರೆ ಬೆಳಗಿನ ಜಾವವೇ ಕಷ್ಟ ಹೆಚ್ಚಂತೆ. ರಾತ್ರಿಯೆಲ್ಲ ಪಾಚಿಯೂ ನೀರಿನಲ್ಲಿರುವ ಅದೇ ಗಾಳಿ ತಿನ್ನುತ್ತದಂತೆ.

“ಇನ್ನೂ ಹುಡುಕ್ತಿದ್ದೀಯಾ?” ಅಂದರು ದೊಡ್ಡಸರ್.

“ಏನನ್ನ?”

ಅವರು ಪ್ಯಾಂಟಿನ ಜೇಬಿಗೆ ಕೈ ಹಾಕಿದರು. ಕರವಸ್ತ್ರ ಬಂತು, ಕನ್ನಡಕದ ಡಬ್ಬಿ ಬಂತು, ಕೊನೆಗೆ ಕಲ್ಲು ಬಂತು. ಹಂಡೆಯ ನುಣುಪು ಕಲ್ಲು. ಜೇಬಿನಲ್ಲಿ ಉಜ್ಜಿ ಉಜ್ಜಿ ಇನ್ನೂ ನುಣುಪಾಗಿತ್ತು.

ಆಫೀಸಿನಲ್ಲಿ ಎಲ್ಲರನ್ನೂ ಅನುಮಾನಿಸಿದ್ದೇನೆ, ಪೆಪ್ಪರಮೆಂಟಿನವರನ್ನೂ ಬಿಟ್ಟಿಲ್ಲ. ಇವರೊಬ್ಬರ ಹೆಸರು ಒಂದು ಸಲವೂ ಮನಸ್ಸಿಗೆ ಬಂದಿರಲಿಲ್ಲ.

“ನನ್ನ ಕೈಲಿ ಆಗಲ್ಲ ಅಂತಾನಾ ಸರ್?” ಅಂದೆ. ನಡೆದದ್ದು ನೋಡಿದರೆ ಹೌದು ಅಂದರೂ ಒಪ್ಪುತ್ತಿದ್ದೆ.

“ಅಯ್ಯೋ, ಅದಲ್ಲಮ್ಮ. ಆಗುತ್ತೆ ಅಂತ ಎಲ್ಲರಿಗೂ ಗೊತ್ತು, ನಂಗೂ ಗೊತ್ತು. ನೀನು ಆ ರೂಮಿಗೆ ಹೋದ್ರೆ ನನ್ನ ಜೊತೆ ನೀರು ನೋಡೋಕೆ ಬರೋರು ಯಾರು?”

“ಇಷ್ಟೇನಾ?”

“ಇಷ್ಟೇ. ಬರೀ ಸ್ವಾರ್ಥ.” ಸ್ವಲ್ಪ ನಾಚಿಕೊಂಡರು. “ಒಂದು ಒರಟಿಗೆ ಏನೂ ಆಗಲ್ಲ ಅಂತ ಗೊತ್ತಿತ್ತು. ಆದರೂ ಮನಸ್ಸಲ್ಲಿದ್ದದ್ದು ಹಂಡೇಲಿ ಬೀಳ್ಲಿ ಅಂತ ಹಾಕ್ದೆ. ಇದನ್ನ ಮಾತ್ರ ಬಿಡೋಕೆ ಮನಸ್ಸು ಬರ್ಲಿಲ್ಲ.”

ನನಗೆ ಮೊದಲು ನಗು ಬಂತು. ಆಮೇಲೆ ಅವರು ಕರೆದ ಶನಿವಾರ ನೆನಪಾಯಿತು. ಬೂಟು ನೆನಪಾಯಿತು. ನಾಳೆ ಮಾಡುತ್ತೇನೆಂದು ಇಟ್ಟ ಫೋನು ನೆನಪಾಯಿತು, ಆ ನಾಳೆ ಬಂದೇ ಇರಲಿಲ್ಲ. ನೀರಿನ ಕಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ಅತ್ತೆ. ಅವರು ನೋಡದ ಹಾಗೆ ತೂಬಿನ ಬೋಲ್ಟುಗಳನ್ನು ಪರೀಕ್ಷೆ ಮಾಡುತ್ತ ನಿಂತರು.

ಕಣ್ಣೊರೆಸಿಕೊಂಡು ಕೈ ಚಾಚಿದೆ. “ಕೊಡಿ ಸರ್. ಬೀಗದಕ್ಕ ತಿಂಗಳಿಂದ ಹುಡುಕ್ತಿದ್ದಾರೆ.”

ಅವರು ಕಲ್ಲನ್ನು ನೋಡಿದರು, ನನ್ನ ಬೂಟನ್ನು ನೋಡಿದರು. ಕಲ್ಲನ್ನು ಮತ್ತೆ ಜೇಬಿಗೆ ಹಾಕಿಕೊಂಡು ಅದರ ಮೇಲೆ ಕರವಸ್ತ್ರ ತುರುಕಿದರು.

“ನೋಡೋಣ” ಅಂದರು.

ಏಪ್ರಿಲ್ ೧೪, ಸೋಮವಾರ

ಕರೆಂಟು ಡಬ್ಬಿ ತಂದಿದ್ದ. ಮುಂದಿನ ಶನಿವಾರ ತಾನೂ ಬರುತ್ತಾನಂತೆ, ಬೂಟು ಮಾತ್ರ ಆಫೀಸಿನ ಖರ್ಚಿನಲ್ಲಿ ಬೇಕಂತೆ. ಚೂಟಿಯೂ ಬರುತ್ತಾಳೆ. ಶನಿವಾರ ಬೆಳಗ್ಗೆ ಯಾವ ಸಭೆಯನ್ನೂ ಇಡಬೇಡಿ ಅಂತ ಹೇಳಿಬಿಟ್ಟಿದ್ದೇನೆ.

ಸಂಜೆ ಬೀಗದಕ್ಕ ಬಂದರು. “ಏನಮ್ಮಾ, ಆ ಕಲ್ಲು ಎಲ್ಲಾದ್ರೂ ಕಣ್ಣಿಗೆ ಬಿತ್ತಾ?”

ಇಲ್ಲ, ಇನ್ನು ಹುಡುಕೋದು ಬಿಡಿ ಅಂದೆ.

“ಹಾಗಾದ್ರೆ ಹೊಳೆಯಿಂದ ಬೇರೆ ಒಂದು ತರಿಸಿಡ್ಲಾ?”

ಬೇಡ, ಒಂದು ಕಮ್ಮಿಯೇ ಇರಲಿ ಅಂದೆ.